ಮರಳುದಿಣ್ಣೆ ಎಂಬ ಖಾತೆ

ಮಧೂರು
9 ಜೂನ್ 2024

ಪ್ರೀತಿಯ ಫಸಲ್ ಅವರಿಗೆ,

ನನ್ನ ಜೊತೆ ಇನ್ನೊಬ್ಬ ನಿರ್ವಾಹಕರಾಗಿ ನಿಮ್ಮ ಹೆಸರು ಸೂಚಿಸಿದವಳು ನಾನೇ ಆದ್ದರಿಂದ ಮೊದಲು ಶುಭಾಶಯ ಹೇಳಬೇಕಾದವಳೂ ನಾನೇ. ಮತ ಚೆನ್ನಾಗಿ ಬೀಳುತ್ತಿದೆ. ಅಂತರ್ಜಾಲದ ನಮ್ಮ ಕನ್ನಡ ವಿಶ್ವಕೋಶದಲ್ಲಿ ಸಂಬಳವಿಲ್ಲದೆ ದುಡಿಯುವವರು ಬೆರಳೆಣಿಕೆಯಷ್ಟು. ಅವರಲ್ಲಿ ಅರ್ಧ ಜನ ಉಳಿದರ್ಧದ ಮೇಲೆ ಮುನಿಸಿಕೊಂಡವರು. ಅಂಥದ್ದರಲ್ಲಿ ನಿಮಗೆ ಇಷ್ಟು ಬೆಂಬಲ ಬಂದದ್ದು ಸಣ್ಣ ಮಾತಲ್ಲ. ಕಾಸರಗೋಡಿನ ಊರು, ಹೊಳೆ, ತಿಂಡಿತೀರ್ಥಗಳ ಬಗ್ಗೆ ನೀವು ಬರೆಯದೆ ಹೋಗಿದ್ದರೆ ಬರೆಯುವವರು ಇನ್ಯಾರಿದ್ದರು?

ಈಗ ಒಂದು ಕಿರಿಕಿರಿ. ಪುರುಷೋತ್ತಮರು ಗೊತ್ತಲ್ಲ, ಯಾರೋ ಪಟಕ್ಕೆ ಅಡಿಬರಹ ಹಾಕಲು ಮರೆತರೂ ದೂರು ಕೊಡುವ ನಮ್ಮ ಹಿರಿಯ ಸಂಪಾದಕರು. ‘ಮರಳುದಿಣ್ಣೆ’ ಎಂಬ ಹೆಸರಿನಲ್ಲಿ ಬರೆಯುವವರು ಫಸಲ್ ಅವರೇ ಇರಬೇಕು ಎಂದು ಅವರು ನನಗೆ ಬರೆದಿದ್ದಾರೆ. ಒಬ್ಬರೇ ಎರಡು ಖಾತೆ ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಮತ ಹಾಕಿಕೊಂಡರೆ ಅದು ಬೇನಾಮಿ. ಎರಡಕ್ಕೂ ಬೀಗ ಬೀಳುತ್ತದೆ. ಈ ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾನು ನಂಬಿಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ನಿಮ್ಮ ಲೇಖನ ಇರುವಲ್ಲೆಲ್ಲ ಆ ಖಾತೆ ಬಂದು ನಿಮ್ಮೊಡನೆ ಜಗಳ ಕಾಯುತ್ತದೆ. ಹಾಗಿದ್ದೂ ನಿಮಗೆ ಬಿದ್ದ ಮೊದಲ ಮತ ಅದರದ್ದೇ. ಯಾಕಿರಬಹುದು?

ಇತಿ,
ಶ್ರೀರಂಜಿನಿ


ಶಾರ್ಜಾ
11 ಜೂನ್ 2024

ರಂಜಿನಿ ಅಕ್ಕನಿಗೆ ಸಲಾಂ,

ನಕ್ಕು ನಕ್ಕು ಸಾಕಾಯಿತು. ಗೋಡೌನಿನ ಕೆಲಸ ಮುಗಿಸಿ ಒಂದು ಹೆಸರಿನಲ್ಲಿ ಬರೆಯಲೇ ನನಗೆ ಪುರುಸೊತ್ತಿಲ್ಲ, ಎರಡನೆಯದು ಬೇರೆ. ಅದೂ ನನ್ನನ್ನೇ ಬೈಯಲಿಕ್ಕೆ! ಆ ಮತ ಅವನು ಯಾಕೆ ಹಾಕಿದನೋ ನನಗೂ ಅರ್ಥವಾಗಿಲ್ಲ. ಬಲಿಗೆ ಮೊದಲು ಕುರಿಗೆ ಹುಲ್ಲು ಹಾಕಿದ ಹಾಗೆ ಇರಬೇಕು.

ಮರಳುದಿಣ್ಣೆಯ ಕಾಟ ನೀವು ನೋಡಿದ್ದೀರಿ. ‘ಗಲ್ಫಿಗೆ ಹೋಗುತ್ತಿದ್ದ ಕ್ಯಾಸೆಟ್ಟುಗಳು’ ಎಂಬ ಲೇಖನ ಬರೆದೆನಲ್ಲ. ಫೋನು ಬರುವ ಮೊದಲು ನಮ್ಮ ಕಡೆಯ ಮನೆಗಳಲ್ಲಿ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಮಾತಾಡಿ, ಆ ಕ್ಯಾಸೆಟ್ಟನ್ನು ರಜೆ ಮುಗಿಸಿ ಹೋಗುವವರ ಕೈಯಲ್ಲಿ ಗಂಡಸರಿಗೆ ಕಳಿಸುತ್ತಿದ್ದ ಪದ್ಧತಿ. ಅದರಲ್ಲಿ ನಾನು ಒಂದು ವಾಕ್ಯ ಬರೆದಿದ್ದೇನೆ: ‘ಹೆಂಗಸರಿಗೆ ಯಂತ್ರ ನಡೆಸಲು ತಿಳಿಯದ್ದರಿಂದ ಮಾತು ನಡುನಡುವೆ ತುಂಡಾಗುತ್ತಿತ್ತು.’ ಉಲ್ಲೇಖವೂ ಕೊಟ್ಟಿದ್ದೇನೆ. ನನ್ನ ತಂದೆ, ಅದ್ರಾಮ ಉಪ್ಪ, ಇಲ್ಲೇ ಶಾರ್ಜಾದಲ್ಲಿ ದುಡಿದವರು. ತೀರಿಹೋಗುವ ಮೊದಲು ಇಲ್ಲಿನ ಕನ್ನಡಿಗರ ಸ್ಮರಣ ಸಂಚಿಕೆಗೆ ಅವರೇ ಹೇಳಿದ ಮಾತು, ಅಚ್ಚಾಗಿದೆ.

ಆ ಆಸಾಮಿ ಈ ಒಂದು ವಾಕ್ಯವನ್ನು ಅಳಿಸುತ್ತಾನೆ. ನಾನು ಮರಳಿ ಹಾಕುತ್ತೇನೆ. ಅವನು ಪುನಃ ಅಳಿಸುತ್ತಾನೆ. ಚರ್ಚಾಪುಟದಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ, ಪ್ರತಿ ಸಲ ಒಂದೇ ಸಾಲು: ‘ಉಲ್ಲೇಖ ಕೊಡಿ.’ ಅದಕ್ಕೆ ಅವನ ಉತ್ತರ ನೋಡಿ: ‘ಯಾರ ಮಾತು ಅಚ್ಚಾಗಲೇ ಇಲ್ಲವೋ ಅವರ ಉಲ್ಲೇಖ ಎಲ್ಲಿಂದ ತರಲಿ?’

ಇಂಥ ಕನ್ನಡ ನಮ್ಮ ಜಿಲ್ಲೆಯಲ್ಲಿ ಬರೆಯುವವರು ಒಬ್ಬರೋ ಇಬ್ಬರೋ. ಒಬ್ಬರು ಮಧೂರಿನಲ್ಲಿದ್ದಾರೆ. ತಮಾಷೆಗೆ ಹೇಳಿದೆ ಅಕ್ಕಾ, ಕೋಪ ಮಾಡಬೇಡಿ.

ಫಸಲ್


ಮಧೂರು
30 ಜೂನ್ 2024

ಮಾನ್ಯ ಫಸಲ್ ಅವರಿಗೆ,

ತಮಾಷೆಯ ಕಾಲ ಮುಗಿಯಿತು. ಪುರುಷೋತ್ತಮರು ನನ್ನನ್ನು ಬದಿಗಿಟ್ಟು ಮೇಲಿನವರಿಗೆ ದೂರು ಕೊಟ್ಟರು. ಖಾತೆಗಳು ಯಾವ ಇಂಟರ್ನೆಟ್ ಸಂಪರ್ಕದಿಂದ ಬರೆಯುತ್ತವೆ ಎಂದು ನೋಡುವ ಅಧಿಕಾರ ಅವರಿಗುಂಟು. ನೋಡಿದರು. ಪೆರ್ನಾಳು ಹಬ್ಬಕ್ಕೆ ನೀವು ಊರಿಗೆ ಬಂದಿದ್ದ ದಿನಗಳಲ್ಲಿ ನಿಮ್ಮ ಖಾತೆಯೂ ಮರಳುದಿಣ್ಣೆಯೂ ಒಂದೇ ಮನೆಯ ಸಂಪರ್ಕದಿಂದ ಬರೆದಿವೆ. ನೀವು ಶಾರ್ಜಾಕ್ಕೆ ಮರಳಿದ ಮೇಲೂ ಮರಳುದಿಣ್ಣೆ ಬರೆಯುತ್ತಿರುವುದು ಅಲ್ಲಿಂದಲೇ.

ಹಾಗಾದರೆ ಬರೆಯುವವರು ನಿಮ್ಮ ಮನೆಯಲ್ಲಿದ್ದಾರೆ. ನೀವು ಹೇಳಿಕೊಟ್ಟದ್ದನ್ನು ಇನ್ನೊಬ್ಬರ ಕೈ ಟೈಪ್ ಮಾಡಿದರೆ ಅದೂ ಬೇನಾಮಿಯೇ. ಜಗಳವೆಲ್ಲ ನಾಟಕ, ಲೇಖನಕ್ಕೆ ಚರ್ಚೆಯ ಕಳೆ ಕಟ್ಟಲಿಕ್ಕೆ ಮಾಡಿದ್ದು ಎನ್ನುತ್ತಾರೆ ಪುರುಷೋತ್ತಮರು. ಅಲ್ಲ ಎನ್ನಲು ನನ್ನ ಕೈಯಲ್ಲಿ ಏನೂ ಇಲ್ಲ.

ನಿಮ್ಮ ಅಭ್ಯರ್ಥಿತನವನ್ನು ತಡೆಹಿಡಿದಿದ್ದೇನೆ. ಒಬ್ಬ ತಮ್ಮ ಇದ್ದಾನೆ ಎಂದು ನೀವೇ ಯಾವಾಗಲೋ ಬರೆದ ನೆನಪು. ನಿಜ ಏನೆಂದು ತಿಳಿಸಿ. ನಿಮ್ಮ ಹೆಸರು ಸೂಚಿಸಿದವಳ ಮರ್ಯಾದೆಯೂ ಇದರಲ್ಲಿ ಸೇರಿದೆ.

ಶ್ರೀರಂಜಿನಿ


ಶಾರ್ಜಾ
1 ಜುಲೈ 2024

ಶ್ರೀರಂಜಿನಿಯವರಿಗೆ,

‘ಮಾನ್ಯ’ ಎಂದು ಓದಿದಾಗಲೇ ಗೊತ್ತಾಯಿತು, ತೀರ್ಪು ಮೊದಲು ಬರೆದು ವಿಚಾರಣೆ ಆಮೇಲೆ ಇಟ್ಟಿದ್ದೀರಿ ಎಂದು.

ಆ ತಪಾಸಣೆಯನ್ನು ನಾನು ನೋಡಿಲ್ಲ. ನೀವು ಹೇಳಿದ್ದು ಮಾತ್ರ ಕೇಳಿದ್ದೇನೆ. ನಿಜವೇ ಆದರೆ ನೆರೆಕರೆಯ ಯಾರೋ ನಮ್ಮ ವೈಫೈ ಕದಿಯುತ್ತಿದ್ದಾರೆ. ಇವತ್ತೇ ಪಾಸ್‌ವರ್ಡ್ ಬದಲಿಸಿದೆ. ನನ್ನ ಹೆಂಡತಿ ರಂಶೀನಾಗೆ ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟು ಮಾಡಿಸಬೇಕಾಯಿತು. ಅವಳು ಮಂಜೇಶ್ವರದವಳು, ಕನ್ನಡ ಮೀಡಿಯಮ್ಮಿನಲ್ಲಿ ಕಲಿತವಳೇ. ಆದರೆ ಮದುವೆಯಾದ ಮೇಲೆ ಪೇಪರು ಬಿಡಿಸಿದ್ದೂ ನಾನು ನೋಡಿಲ್ಲ. ಇಂಥ ಯಂತ್ರದ ಕೆಲಸ ಅವಳಿಗೆ ಎಲ್ಲಿಂದ ಬರಬೇಕು! ದಿನಾ ಮಧ್ಯಾಹ್ನ ಫೋನು ಮಾಡುತ್ತೇನೆ, ಸ್ಪೀಕರಿಗೆ ಹಾಕಲು ಹೇಳುತ್ತೇನೆ, ಹೆತ್ತ ಉಮ್ಮನ ಮಾತೂ ಅವಳ ಮಾತೂ ಒಂದೇ ಸಲಕ್ಕೆ ಮುಗಿಯುತ್ತದೆ. ‘ಇಲ್ಲಿ ಎಲ್ಲ ಸುಖ’ ಅನ್ನುವುದು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಕೇಳಿಲ್ಲ. ನನ್ನ ಮನೆಯಲ್ಲಿ ನಾಟಕ ಆಡುವವರು ಯಾರೂ ಇಲ್ಲ.

ಈಗ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನೀವು ನನ್ನ ಲೇಖನ ತಿದ್ದುವುದು ನಿಲ್ಲಿಸಿದ ಮೇಲೆಯೇ ಮರಳುದಿಣ್ಣೆ ಹುಟ್ಟಿದ್ದು. ಇದು ಹೇಗೆ? ಮುಖದೆದುರು ಹೇಳಲಾಗದ್ದನ್ನು ಹೇಳಲು ಒಬ್ಬರಿಗೆ ಇನ್ನೊಂದು ಹೆಸರು ಬೇಕಾಗಿತ್ತೋ ಏನೋ. ನೀವು ಕೇಳಬಹುದಾದರೆ ನಾನೂ ಕೇಳಬಹುದು.

ಫಸಲ್


ಮಧೂರು
8 ಜುಲೈ 2024

ಮಾನ್ಯ ಫಸಲ್ ಅವರಿಗೆ,

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡುವಷ್ಟು ಇಳಿಯುವುದಿಲ್ಲ. ಸೊಸೈಟಿಯ ಕೆಲಸ, ಮನೆ, ವಿಶ್ವಕೋಶ ಇವು ಮೂರರ ನಡುವೆ ನನಗೆ ನನ್ನ ಒಂದು ಹೆಸರೇ ಭಾರ.

ನೀವು ಪಾಸ್‌ವರ್ಡ್ ಬದಲಿಸಿದ ಮರುದಿನವೇ ಮರಳುದಿಣ್ಣೆ ನಿಮ್ಮ ಕ್ಯಾಸೆಟ್ಟಿನ ವಾಕ್ಯವನ್ನು ಪುನಃ ಅಳಿಸಿದೆ. ನಾನೇ ಕೇಳಿಕೊಂಡು ಮೇಲಿನವರಿಂದ ಇನ್ನೊಮ್ಮೆ ನೋಡಿಸಿದೆ. ಅದೇ ಮನೆ, ಅದೇ ಸಂಪರ್ಕ. ಬೀಗ ಬದಲಾದರೂ ಹೊಸ ಕೀಲಿಕೈ ಅವರ ಹತ್ತಿರ ಇತ್ತು ಎಂದಾಯಿತು.

ಆ ಹೊಸ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು? ನೀವೇ ಯೋಚಿಸಿ, ನೀವೇ ಹೇಳಿ.

ಶ್ರೀರಂಜಿನಿ


ಶಾರ್ಜಾ
10 ಜುಲೈ 2024

ನಿರ್ವಾಹಕಿಯವರಿಗೆ,

ನಿಮ್ಮ ಪತ್ರ ಓದಿ ತಮ್ಮ ನಿಯಾಸನಿಗೆ ಫೋನು ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, “ಮಾರಾಯಾ, ನಾನು ಒಂದನೇ ಕ್ಲಾಸಿನಿಂದ ಮಲಯಾಳಂ ಮೀಡಿಯಂ. ಬಸ್ಸಿನ ಕನ್ನಡ ಬೋರ್ಡು ಓದಲಿಕ್ಕೇ ನನಗೆ ಬರುವುದಿಲ್ಲ, ನಿನ್ನ ಪುಸ್ತಕದಲ್ಲಿ ಎಂತ ಬರೆಯುವುದು?” ಅಂದ. ಅದೂ ನಿಜವೇ. ಉಪ್ಪ ನನ್ನನ್ನು ಕನ್ನಡಕ್ಕೆ, ಅವನನ್ನು ಮಲಯಾಳಕ್ಕೆ ಹಾಕಿದ್ದರು. ಕೋಪದಲ್ಲಿ ನನಗೆ ಅದೂ ಮರೆತುಹೋಗಿತ್ತು. ಈಗ ಅವನು ನನ್ನ ಫೋನು ಎತ್ತುವುದಿಲ್ಲ.

ರಂಶೀನಾಳ ಹತ್ತಿರವೂ ಕೇಳಿದೆ, ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದೀಯಾ ಎಂದು. “ಯಾರಿಗೂ ಕೊಟ್ಟಿಲ್ಲ. ಇಲ್ಲಿ ಎಲ್ಲ ಸುಖ” ಅಂದಳು. ಅವಳು ಸುಳ್ಳು ಹೇಳುವವಳಲ್ಲ.

ಹಾಗಾದರೆ ಉಳಿದದ್ದು ಒಂದೇ. ಆ ತಪಾಸಣೆಯೇ ಸುಳ್ಳು. ನಾನು ನಿರ್ವಾಹಕನಾಗುವುದು ನಿಮಗೆ ಬೇಡ. ಹೆಸರು ಸೂಚಿಸಿದ್ದೂ ನೀವೇ, ಕೆಳಗಿನಿಂದ ಏಣಿ ಎಳೆಯುವುದೂ ನೀವೇ. ಹತ್ತು ವರ್ಷ ಬರೆದ ಹೆಸರು ನನ್ನದು. ಊರಿನಲ್ಲಿ ನನ್ನನ್ನು ಗಲ್ಫ್‌ನವ ಅನ್ನುತ್ತಾರೆ, ಇಲ್ಲಿ ಗೋಡೌನಿನವ ಅನ್ನುತ್ತಾರೆ. ಬರೆಯುವವ ಎಂದು ನನಗೆ ಇರುವ ಜಾಗ ಅದೊಂದೇ. ಅದನ್ನೂ ಕಸಿದುಕೊಂಡರೆ ನಿಮಗೆ ಸಿಗುವುದೇನು?

ಫಸಲ್


ಮಧೂರು
2 ಆಗಸ್ಟ್ 2024

ಫಸಲ್ ಅವರೇ,

ತಡವಾಗಿ ಬರೆಯುತ್ತಿದ್ದೇನೆ. ಈ ವಿಚಾರಣೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು ಎಂದು ನನಗೆ ಈಗ ಅನ್ನಿಸುತ್ತಿದೆ. ಪುರುಷೋತ್ತಮರಿಗೆ ನಾನೇ ಹೇಳಿ ಒಪ್ಪಿಸುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನಿಮ್ಮ ಹಿಂದಿನ ಪತ್ರಗಳ ಮಾತು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಿಮ್ಮ ತಮ್ಮನೊಡನೆ ರಾಜಿಯಾಗಿ. ಅವನದ್ದೇನೂ ತಪ್ಪಿಲ್ಲ.

ಕಾರಣ ಕೇಳಬೇಡಿ. ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ.

ಶ್ರೀರಂಜಿನಿ


ಶಾರ್ಜಾ
3 ಆಗಸ್ಟ್ 2024

ನಿರ್ವಾಹಕಿಯವರಿಗೆ,

ಇದೆಂಥ ಹೊಸ ರಾಗ? ತಿಂಗಳಿಡೀ ಕಳ್ಳ ಕಳ್ಳ ಎಂದು ಕೂಗಿ ಈಗ ಬಿಟ್ಟುಬಿಡೋಣ ಎಂದರೆ ಬಿಡಲಿಕ್ಕೆ ಆಗುತ್ತದೆಯೇ? ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಈಗ ಹೆಚ್ಚು ಹೆದರಿಕೆ. ನೀವು ಸಿಕ್ಕಿಬಿದ್ದಿದ್ದೀರಿ. ಅಥವಾ ಸಿಕ್ಕಿಬಿದ್ದವನನ್ನು ಅಡಗಿಸುತ್ತಿದ್ದೀರಿ. ನನ್ನ ತಮ್ಮನದ್ದು ತಪ್ಪಿಲ್ಲ ಎಂದು ನಿಮಗೆ ಅಷ್ಟು ಖಚಿತವಾಗಿ ಹೇಳಿದವರು ಯಾರು? ಯಾರಿಗೆ ಮಾತು ಕೊಟ್ಟಿರಿ?

ನನಗೆ ದಯೆ ಬೇಡ, ನ್ಯಾಯ ಬೇಕು. ಮರಳುದಿಣ್ಣೆ ನನ್ನ ಬೇನಾಮಿ ಅಲ್ಲದಿದ್ದರೆ ಅವನು ನನ್ನ ಮನೆಯ ಸಂಪರ್ಕ ಕದ್ದ ಕಳ್ಳ. ಎರಡರಲ್ಲಿ ಯಾವುದಾದರೂ ಆ ಖಾತೆಗೆ ಬೀಗ ಬೀಳಲೇಬೇಕು. ಇಲ್ಲದಿದ್ದರೆ ನಮ್ಮ ಈ ಪತ್ರಗಳನ್ನೆಲ್ಲ ಎಲ್ಲರೂ ಓದುವ ಪುಟದಲ್ಲಿ ಹಾಕುತ್ತೇನೆ. ಆ ವಿಶ್ವಕೋಶದಲ್ಲಿ ಒಂದೋ ಅವನಿರಬೇಕು, ಇಲ್ಲ ನಾನಿರಬೇಕು.

ಚರ್ಚಾಪುಟದ ಕಡೆ ನಾನು ತಲೆ ಹಾಕುವುದನ್ನೂ ಬಿಟ್ಟಿದ್ದೇನೆ. ಅವನ ಹೆಸರು ಕಂಡರೆ ತಲೆ ಬಿಸಿಯಾಗುತ್ತದೆ.

ಫಸಲ್


ಮಧೂರು
12 ಆಗಸ್ಟ್ 2024

ಫಸಲ್ ಅವರೇ,

ನಿಮ್ಮ ಬೇಡಿಕೆಯನ್ನು ಮರಳುದಿಣ್ಣೆಗೆ ತಿಳಿಸಿ, ಹೇಳುವುದೇನಾದರೂ ಇದ್ದರೆ ಹೇಳಿ ಎಂದು ಕೇಳಿದ್ದೆ. ನಿಯಮ ಹಾಗೆ. ಅವರು ನಿನ್ನೆ ಚರ್ಚಾಪುಟದಲ್ಲಿ ಬರೆದಿದ್ದಾರೆ. ನೀವು ಅಲ್ಲಿಗೆ ಹೋಗುವುದಿಲ್ಲ ಎಂದದ್ದರಿಂದ ಇಲ್ಲಿ ನಕಲು ಮಾಡಿದ್ದೇನೆ. ಪೂರ್ತಿ ಓದಿ.

“ನಾನು ಫಸಲ್ ಅಲ್ಲ. ಅವರು ಹೇಳಿದ್ದನ್ನು ಬರೆಯುವ ಕೈಯೂ ಅಲ್ಲ. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ. ಶಾರ್ಜಾಕ್ಕೆ ಹೋಗಿ ಬಂದ ಒಂದು ಕ್ಯಾಸೆಟ್ಟನ್ನು ನಾನು ಕೇಳಿದ್ದೇನೆ. ಅದರಲ್ಲಿ ಒಬ್ಬಾಕೆ ಗಂಡನಿಗೆ ಊರಿನ ಸುದ್ದಿ ಹೇಳುತ್ತಾಳೆ. ಮಾವಿನ ಮಿಡಿ ಉಪ್ಪಿಗೆ ಹಾಕಿ ಆಯಿತು. ಕೆಂಪು ಆಡು ಮರಿ ಹಾಕಿತು, ಮರಿಯ ಒಂದು ಕಿವಿ ಮಡಚಿಕೊಂಡಿದೆ. ‘ಮತ್ತೆ...’ ಅನ್ನುತ್ತಾಳೆ. ಟಕ್ ಎಂದು ನಿಲ್ಲುತ್ತದೆ. ಪುನಃ ಶುರುವಾಗುವಾಗ ‘ಇಲ್ಲಿ ಎಲ್ಲ ಸುಖ’.

ಆಕೆ ಈಗ ಮುದುಕಿ. ಅಡುಗೆಮನೆಯಲ್ಲಿ ನನ್ನ ಜೊತೆ ಕುಳಿತು ಮೀನು ಶುಚಿ ಮಾಡುತ್ತ ಒಂದು ದಿನ ಹೇಳಿದರು: ಆ ಗುಂಡಿಯ ಮೇಲೆ ಇದ್ದದ್ದು ಅತ್ತೆಯ ಬೆರಳು. ದುಡಿಯಲು ಹೋದವನ ಮನಸ್ಸು ಕೆಡಿಸುವ ಮಾತು ಹೋಗಬಾರದು ಎಂದು ಹಿರಿಯರು ಪಕ್ಕದಲ್ಲೇ ಕೂರುತ್ತಿದ್ದರು. ‘ಮತ್ತೆ’ ಆದ ಮೇಲೆ ಅವರು ಹೇಳಬೇಕೆಂದಿದ್ದದ್ದು, ‘ನನಗೆ ಹುಷಾರಿಲ್ಲ, ಒಮ್ಮೆ ಬಂದು ಹೋಗಿ’ ಎಂದು. ಯಂತ್ರ ನಡೆಸಲು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಇದಕ್ಕೆ ಉಲ್ಲೇಖ ಇಲ್ಲ. ನನ್ನ ಖಾತೆ ಮುಚ್ಚುವುದಾದರೆ ಮುಚ್ಚಿ. ಆ ವಾಕ್ಯವನ್ನು ಮಾತ್ರ ತೆಗೆಯಿರಿ.”

ಇಷ್ಟೇ. ಇದನ್ನು ಓದಿದ ಮೇಲೂ ಖಾತೆ ಮುಚ್ಚಬೇಕು ಎಂದು ನೀವು ಹೇಳಿದರೆ ಭಾನುವಾರ ಮುಚ್ಚುತ್ತೇನೆ. ದೂರು ನಿಮ್ಮದು, ನಿರ್ಧಾರವನ್ನೂ ನಿಮಗೇ ಬಿಟ್ಟಿದ್ದೇನೆ.

ಶ್ರೀರಂಜಿನಿ


ಶಾರ್ಜಾ
13 ಆಗಸ್ಟ್ 2024

ಅಕ್ಕಾ,

ಮುಚ್ಚಬೇಡಿ.

ಆ ಕ್ಯಾಸೆಟ್ಟು ನಮ್ಮ ಮನೆಯದು. ಉಪ್ಪ ಊರಿಗೆ ವಾಪಸು ತಂದಿದ್ದರು. ನೆಂಟರು ಬಂದಾಗಲೆಲ್ಲ ಹಾಕುತ್ತಿದ್ದರು. ಆ ಟಕ್ ಸದ್ದು ಬಂದಾಗ “ನೋಡಿ, ನಮ್ಮ ಬೀವಿಗೆ ಒಂದು ಗುಂಡಿ ಒತ್ತಲಿಕ್ಕೆ ಬರುವುದಿಲ್ಲ” ಎಂದು ನಗುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಉಮ್ಮ ಒಳಗೆ ಚಾ ಮಾಡುತ್ತಿದ್ದರು. ಒಂದು ದಿನವೂ ಹೊರಗೆ ಬಂದು ಹಾಗಲ್ಲ ಎಂದು ಹೇಳಲಿಲ್ಲ. ಕಿವಿ ಮಡಚಿದ ಆ ಮರಿಯ ಹಿಂದೆ ಓಡಿ ಬೆಳೆದವ ನಾನು.

ಉಮ್ಮನ ಜೊತೆ ಕುಳಿತು ಮೀನು ಶುಚಿ ಮಾಡುವವಳು ನಮ್ಮ ಮನೆಯಲ್ಲಿ ಒಬ್ಬಳೇ.

ಅವಳು ನಿಮ್ಮಲ್ಲಿಗೆ ಬಂದಿದ್ದಳಾ? ಮಧೂರಿಗೆ? ಎಂತ ಹೇಳಿದಳು? ನನ್ನ ಹತ್ತಿರ ಹೇಳದ್ದನ್ನು ಗುರುತಿಲ್ಲದವರ ಹತ್ತಿರ ಹೇಳುವಷ್ಟು ನಾನು ಎಂತ ಮಾಡಿದೆ? ಇಷ್ಟು ವರ್ಷ ನನ್ನೊಡನೆ ಪುಟಗಟ್ಟಲೆ ಜಗಳವಾಡಿದ್ದು, ನನ್ನ ತಪ್ಪು ತೋರಿಸಿದ್ದು, ಆ ಕನ್ನಡ, ಎಲ್ಲ ಅವಳದ್ದಾ? ಫೋನಿನಲ್ಲಿ ಎರಡು ಮಾತು ಆಡದವಳು!

ನನಗೆ ಅಳು ಬರುತ್ತದೆ ಅಕ್ಕಾ. ಹೊಟ್ಟೆಕಿಚ್ಚೂ ಆಗುತ್ತದೆ. ಬೇಗ ಬರೆಯಿರಿ.

ಫಸಲ್


ಮಧೂರು
14 ಆಗಸ್ಟ್ 2024

ಪ್ರೀತಿಯ ಫಸಲ್,

ನೀವು ಕೇಳಿದ ಯಾವುದಕ್ಕೂ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಯಾವ ಖಾತೆಯ ಹಿಂದೆ ಯಾರಿದ್ದಾರೆ ಎಂದು ನಿರ್ವಾಹಕರು ಬಾಯಿ ಬಿಡಬಾರದು. ನಾಳೆ ನೀವು ನಿರ್ವಾಹಕರಾದರೆ ನೀವೂ ಬಿಡಬಾರದು. ಇವತ್ತು ತೀರ್ಪಿನ ಪುಟದಲ್ಲಿ ನಾನು ಬರೆದದ್ದು ಇಷ್ಟು: ‘ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಒಬ್ಬರ ಮಾತನ್ನು ಇನ್ನೊಬ್ಬರು ಬರೆಯುತ್ತಿಲ್ಲ ಎಂಬುದು ನನಗೆ ಖಾತ್ರಿಯಾಗಿದೆ.’ ಪುರುಷೋತ್ತಮರು ಸಾಕ್ಷಿ ಕೇಳಿದರು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ನನ್ನನ್ನು ಕೆಳಗಿಳಿಸಿ ಎಂದೆ. ಗೊಣಗುತ್ತ ಸುಮ್ಮನಾದರು.

ಅಧಿಕಾರದ ಹೊರಗಿನ ಒಂದು ಮಾತು. ಆ ಮೊದಲ ಮತದ ಕೆಳಗೆ ಒಂದು ಸಾಲು ಕಾರಣ ಬರೆದಿತ್ತು. ನಾವೆಲ್ಲ ಮತ ನೋಡಿ ಅನುಮಾನಪಟ್ಟೆವೇ ಹೊರತು ಅದನ್ನು ಯಾರೂ ಓದಲಿಲ್ಲ. ನಾನೂ ಓದಿರಲಿಲ್ಲ. ‘ತಪ್ಪು ತೋರಿಸಿದರೆ ಮೊದಲು ಸಿಟ್ಟಾಗುತ್ತಾರೆ, ಆಮೇಲೆ ಯಾರೂ ಇಲ್ಲದಾಗ ಬಂದು ತಿದ್ದುತ್ತಾರೆ. ಅಂಥವರು ಬೇಕು.’

ಹೊಟ್ಟೆಕಿಚ್ಚು ಬೇಡ. ದೀಪದ ಬುಡದಲ್ಲಿ ಕತ್ತಲು ಇರುವುದು ಎಲ್ಲ ಮನೆಯಲ್ಲೂ ಉಂಟು.

ನಿಮ್ಮ
ಶ್ರೀರಂಜಿನಿ


ಶಾರ್ಜಾ
18 ಆಗಸ್ಟ್ 2024

ರಂಜಿನಿ ಅಕ್ಕನಿಗೆ ಸಲಾಂ,

ನಿಮ್ಮನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಲು ನನ್ನಲ್ಲಿ ಸರಿಯಾದ ಮಾತಿಲ್ಲ. ಊರಿಗೆ ಬಂದಾಗ ಮಧೂರಿಗೆ ಬಂದು ಎದುರಿಗೇ ಕೇಳುತ್ತೇನೆ. ನಿಯಾಸ್ ಫೋನು ಎತ್ತಿದ. ಬೈದದ್ದಕ್ಕೆ ದಂಡವಾಗಿ ಒಂದು ಜೊತೆ ಶೂ ಕಳಿಸಬೇಕಂತೆ. ಅಭ್ಯರ್ಥಿತನ ಹಿಂದೆ ತೆಗೆದುಕೊಂಡಿದ್ದೇನೆ. ಆ ಒಂದು ಮತ ಬಿದ್ದಾಯಿತಲ್ಲ, ಅಷ್ಟು ಸಾಕು. ಕ್ಯಾಸೆಟ್ಟಿನ ವಾಕ್ಯವನ್ನು ನಾನೇ ತೆಗೆದೆ. ಅಚ್ಚಾದದ್ದೆಲ್ಲ ನಿಜ ಅಂದುಕೊಂಡಿದ್ದೆ.

ಮರಳುದಿಣ್ಣೆ ಯಾರೆಂದು ನನಗೆ ಗೊತ್ತಾಗಿದೆ ಎಂದು ಅವಳಿಗೆ ಹೇಳುವುದು ಬೇಡ ಎಂದು ಮೊದಲು ಅನ್ನಿಸಿತು. ಗೊತ್ತಾದರೆ ಬರೆಯುವುದನ್ನೇ ನಿಲ್ಲಿಸಿದರೆ ಎಂಬ ಹೆದರಿಕೆ. ಮೂರು ದಿನ ಎಂದಿನ ಹಾಗೆಯೇ ಮಾತಾಡಿದೆ. ನಿನ್ನೆ ಮಾತ್ರ ಆಗಲಿಲ್ಲ.

ಮಧ್ಯಾಹ್ನ ಫೋನು ಮಾಡಿದಾಗ ಅವಳು ಎಂದಿನಂತೆ, “ಉಮ್ಮ ಇಲ್ಲೇ ಇದ್ದಾರೆ, ಸ್ಪೀಕರಿಗೆ ಹಾಕುತ್ತೇನೆ” ಅಂದಳು.

“ಇವತ್ತು ಸ್ಪೀಕರ್ ಬೇಡ. ನೀನು ಒಳಗೆ ಹೋಗು” ಅಂದೆ.

“ಎಂತ ಆಯ್ತು?”

“ಎಂತ ಇಲ್ಲ. ನೀನು ಹೇಗಿದ್ದಿ?”

“ಇಲ್ಲಿ ಎಲ್ಲ ಸುಖ.”

ನಾನು, “ಉಲ್ಲೇಖ ಕೊಡಿ” ಅಂದೆ.

ಲೈನು ಕಟ್ಟಾಯಿತೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಆಗಿರಲಿಲ್ಲ. ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ ಅವಳು, “ಮತ್ತೆ...” ಅಂದಳು.

ಅವಳು ಹೇಳಿ ಮುಗಿಸುವವರೆಗೆ ಗೋಡೌನಿನಲ್ಲಿ ಯಾರು ಕರೆದರೂ ನಾನು ಓಗೊಡಲಿಲ್ಲ.

ನಿಮ್ಮ ತಮ್ಮ,
ಫಸಲ್